ಸಾಲ ಮಾಡಿ ಸಮಾಜಶಾಸ್ತ್ರ ಓದಲು ಹೊರದೇಶಕ್ಕೆ ಹೋಗಬಹುದೇ?

ಕಣದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಬಿ.ಎ. ಕನ್ನಡ ಮಾಧ್ಯಮ. ಕಳೆದ ವರ್ಷ ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದೆ, ಶೇ 67. ಆ ಪರೀಕ್ಷೆಗಳನ್ನೂ ಕನ್ನಡದಲ್ಲೇ ಬರೆದೆ. ಮುಂದೆ ಸಂಶೋಧನೆ ಮಾಡಬೇಕೆಂಬ ಆಸೆಯಿದೆ. ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರ ದುಡಿಮೆಯ ಬಗ್ಗೆ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಸಣ್ಣ ಪ್ರಬಂಧ ಬರೆದಿದ್ದೆ. ಅದನ್ನೇ ಬೆಳೆಸುವ ಯೋಚನೆ.

ಹೋದ ತಿಂಗಳು ಶಿವಮೊಗ್ಗದಲ್ಲಿ ಒಂದು ಏಜೆನ್ಸಿಗೆ ಹೋಗಿದ್ದೆ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತೀರ್ಮಾನ ಮಾಡಿಬಿಟ್ಟರು. ಇಂಗ್ಲೆಂಡಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ, ಒಟ್ಟು 32 ಲಕ್ಷ, ಸಾಲ ಅವರೇ ಕೊಡಿಸುತ್ತಾರೆ, ಎಸ್‌ಒಪಿಯನ್ನೂ (ಯಾಕೆ ಓದಬೇಕೆಂದಿದ್ದೇನೆ ಎಂದು ಅರ್ಜಿಯ ಜೊತೆ ಕೊಡುವ ಬರಹ) ಅವರೇ ಬರೆದುಕೊಡುತ್ತಾರೆ. ಮನೆಯಲ್ಲಿ ಒಂದೂವರೆ ಎಕರೆ ತೋಟವಿದೆ, ಎರಡು ವರ್ಷದಿಂದ ಅದಕ್ಕೂ ಎಲೆಚುಕ್ಕಿ ರೋಗ. ಅಪ್ಪ ಬೇಡ ಎನ್ನಲಿಲ್ಲ. "ತೋಟ ಅಡ ಇಟ್ಟರೆ ಅಷ್ಟು ಹುಟ್ಟುತ್ತದೆಯೇ ಕೇಳಿ ನೋಡು" ಎಂದರು. ಆ ಮಾತು ಕೇಳಿದಂದಿನಿಂದ ನನಗೆ ನಿದ್ದೆಯಿಲ್ಲ.

ಸಾಲ ಮಾಡಿ ಹೋಗಬಹುದೇ? ಕನ್ನಡ ಮಾಧ್ಯಮದವರನ್ನು ಅಲ್ಲಿ ತೆಗೆದುಕೊಳ್ಳುತ್ತಾರೆಯೇ? ಬೇರೆ ದಾರಿ ಇದೆಯೇ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಲೆಕ್ಕದ ಪುಸ್ತಕ

ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡಿದವನು ನಾನು. ಮೊದಲು ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ: ತೋಟದ ಮೇಲೆ ಈ ಮೊತ್ತ ಹುಟ್ಟುವುದು ಕಷ್ಟ. ಬ್ಯಾಂಕುಗಳು ವಸೂಲಿಗೆ ನೆಚ್ಚಿಕೊಂಡಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಮುಟ್ಟುವಂತಿಲ್ಲ. ಹಾಗಾಗಿ ಪೇಟೆಯ ಮನೆ, ನಿವೇಶನ, ಠೇವಣಿ ಕೇಳುತ್ತಾರೆ. ಸಾಮಾನ್ಯ ಯೋಜನೆಯಲ್ಲಿ ಆಧಾರವಿಲ್ಲದೆ ಕೊಡುವುದು 7.5 ಲಕ್ಷದವರೆಗೆ. ಏಜೆನ್ಸಿಯವರು "ನಾವೇ ಕೊಡಿಸುತ್ತೇವೆ" ಎಂದರೆ ಅದು ಹೆಚ್ಚಾಗಿ ಖಾಸಗಿ ಹಣಕಾಸು ಕಂಪನಿಯ ಸಾಲ, ಬಡ್ಡಿ ಇನ್ನೂ ಮೇಲೆ.

32 ಲಕ್ಷಕ್ಕೆ ಶೇ 10.5ರ ಬಡ್ಡಿ, ಹತ್ತು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು 43 ಸಾವಿರದ ಸುತ್ತ ಬರುತ್ತದೆ. ಓದುವಾಗ ಸೇರುವ ಬಡ್ಡಿ ಬೇರೆ. ಊರಿಗೆ ಬಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದರೆ ಆ ಗೌರವಧನ ಈ ಕಂತಿನ ಮುಂದೆ ನಿಲ್ಲುವುದಿಲ್ಲ. ಎಂಜಿನಿಯರಿಂಗ್ ಮಕ್ಕಳಿಗೇ ನಾನು ಎರಡು ಸಲ ಯೋಚಿಸಿ ಎನ್ನುತ್ತೇನೆ. ಸಮಾಜಶಾಸ್ತ್ರಕ್ಕೆ ಇಷ್ಟು ಸಾಲವೇ? ನನ್ನ ಮಗಳಾಗಿದ್ದರೆ ಬೇಡ ಎನ್ನುತ್ತಿದ್ದೆ.

ದಾರಿಹೋಕ

ಹೊರದೇಶವೇ ಯಾಕೆ? ಹೈದರಾಬಾದ್ ವಿಶ್ವವಿದ್ಯಾಲಯವಿದೆ, ದೆಹಲಿಯಲ್ಲಿ ಜೆಎನ್‌ಯು ಇದೆ, ಮುಂಬಯಿಯಲ್ಲಿ ಟಾಟಾ ಸಂಸ್ಥೆ ಇದೆ, ನಮ್ಮ ಬೆಂಗಳೂರಿನಲ್ಲೇ ಸಮಾಜವಿಜ್ಞಾನ ಸಂಶೋಧನೆಯ ಐಸೆಕ್ ಸಂಸ್ಥೆ ಇದೆ. ಅಡಿಕೆ ಸುಲಿಯುವವರ ಬಗ್ಗೆ ತಿಳಿಯಲು ಲಂಡನ್ನಿಗೆ ಹೋಗಬೇಕೇ? ತಮಾಷೆ.

ಮರಳಿ ಬಂದವಳು

ದಾರಿಹೋಕ ಅವರೇ, ತಮಾಷೆ ಇರಲಿ, ನಾನು ಆ ಒಂದು ವರ್ಷದ ಪದವಿ ಮಾಡಿ ಬಂದವಳು. ತಂಗಿಗೆ ಎರಡೂ ಬದಿ ಹೇಳುತ್ತೇನೆ.

ಸೆಪ್ಟೆಂಬರ್ ಕೊನೆಗೆ ಇಳಿದೆ. ಅಲ್ಲಿ ಒಂದು ಟರ್ಮ್ ಎಂದರೆ ಹತ್ತು ವಾರ. ಬಾಡಿಗೆ ಕೋಣೆ ಹುಡುಕಿ, ಬ್ಯಾಂಕ್ ಖಾತೆ ತೆರೆದು, ಚಳಿಗೆ ಕೋಟು ಕೊಳ್ಳುವಷ್ಟರಲ್ಲಿ ಮೊದಲ ಪ್ರಬಂಧ ಒಪ್ಪಿಸುವ ದಿನ ಬಂದೇಬಿಟ್ಟಿತು. ಇಲ್ಲಿ ಬಿ.ಎ., ಎಂ.ಎ. ಎರಡರಲ್ಲೂ ರ್ಯಾಂಕ್ ಪಡೆದವಳು ನಾನು. ಅದೇ ಧೈರ್ಯದಲ್ಲಿ ಬರೆದೆ. ಮೆಕೈವರ್ ಮತ್ತು ಪೇಜ್ ಅವರ ಪ್ರಕಾರ ಸಮುದಾಯ ಎಂದರೆ ಇಂತಿಂಥದ್ದು, ಡರ್ಖೈಮ್ ಅವರ ಪ್ರಕಾರ ಹೀಗೆ, ವೇಬರ್ ಅವರ ಪ್ರಕಾರ ಹಾಗೆ. ನಮ್ಮಲ್ಲಿ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ವ್ಯಾಖ್ಯೆ ಬರೆದರೆ ಏಳು ಅಂಕ ಗ್ಯಾರಂಟಿ ತಾನೇ? ಅದು ವಾಪಸು ಬಂದಾಗ ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು ಇತ್ತು. ಇವರೆಲ್ಲ ಹೇಳಿದ್ದಾಯಿತು, ನಿನ್ನ ಮಾತು ಎಲ್ಲಿ ಎಂಬ ಅರ್ಥದ್ದು. ಅಂಕ 52. ಕೋಣೆಗೆ ಬಂದು ಅತ್ತೆ. ಆಮೇಲೆ ಆ ಸಾಲನ್ನೇ ಹಿಡಿದು ಕುಳಿತೆ. ಆ ವರ್ಷ ನಾನು ಕಲಿತದ್ದರಲ್ಲಿ ಅರ್ಧ ಭಾಗ ಆ ಸಾಲಿನಿಂದಲೇ ಬಂದದ್ದು.

ಇನ್ನು ಕಹಿ. ಓದುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ವೀಸಾಕ್ಕೆ ಒಂಬತ್ತು ತಿಂಗಳ ಖರ್ಚಿನ ಹಣ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಆರೋಗ್ಯ ಶುಲ್ಕವೆಂದು ವರ್ಷಕ್ಕೆ 776 ಪೌಂಡ್ ಮೊದಲೇ ಕಿತ್ತುಕೊಳ್ಳುತ್ತಾರೆ. ಓದು ಮುಗಿದ ಮೇಲೆ ಉಳಿದು ದುಡಿಯಲು ಇದ್ದ ಎರಡು ವರ್ಷವನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುತ್ತಿದ್ದಾರೆ. ಆಮೇಲೂ ಉಳಿಯಬೇಕಾದರೆ ಕೆಲಸ ಕೊಡುವವರು ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ತೋರಿಸಬೇಕು. ಸಮಾಜಶಾಸ್ತ್ರ ಓದಿ ಬಂದ ಹೊಸಬರಿಗೆ ಅಷ್ಟು ಕೊಡುವವರನ್ನು ನಾನು ಕಂಡಿಲ್ಲ. ಏಜೆನ್ಸಿಯವರು ಇದನ್ನು ಹೇಳಿದರೇ?

ನನಗೆ ಅರ್ಧ ಶುಲ್ಕ ವಿನಾಯಿತಿ ಸಿಕ್ಕಿತ್ತು, ಉಳಿದದ್ದಕ್ಕೆ 14 ಲಕ್ಷ ಸಾಲ. ತೀರಿಸಲು ಆರು ವರ್ಷ ಹಿಡಿಯಿತು. ಆ ಆರು ವರ್ಷ ಇಷ್ಟವಿಲ್ಲದ ಕೆಲಸವನ್ನು ಕಂತಿಗಾಗಿ ಮಾಡಿದೆ. ಪಿಎಚ್‌ಡಿ ಕನಸು ಅಲ್ಲೇ ಸವೆಯಿತು. ಅದಕ್ಕೇ ಹೇಳುತ್ತಿದ್ದೇನೆ, ಸಂಶೋಧನೆ ಮಾಡುವ ಆಸೆ ಇರುವವರಿಗೆ ಈ ಸಾಲ ಎಲ್ಲರಿಗಿಂತ ಹೆಚ್ಚು ಅಪಾಯ.

ಮೆಕ್ಕೆಜೋಳದ ನಾಡು

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹಾವೇರಿ ಜಿಲ್ಲೆಯವನು. ಅಮೆರಿಕದ ನಡುಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ನಾಲ್ಕನೆಯ ವರ್ಷ. ಊರಿನಲ್ಲೂ ಸುತ್ತ ಮೆಕ್ಕೆಜೋಳ, ಇಲ್ಲೂ ಅದೇ.

ಸಂಶೋಧನೆಯೇ ಗುರಿಯಾದರೆ ಸ್ನಾತಕೋತ್ತರ ಪದವಿಗೆ ಹಣ ಸುರಿಯಬೇಡಿ, ನೇರ ಪಿಎಚ್‌ಡಿಗೆ ಅರ್ಜಿ ಹಾಕಿ. ಅಮೆರಿಕದಲ್ಲಿ ಒಳ್ಳೆಯ ವಿಭಾಗಗಳು ಪಿಎಚ್‌ಡಿಗೆ ಆಯ್ಕೆಯಾದವರಿಂದ ಶುಲ್ಕ ಪಡೆಯುವುದಿಲ್ಲ. ಸಾಮಾನ್ಯವಾಗಿ ಐದು ವರ್ಷ ತಿಂಗಳ ಭತ್ಯೆ ಕೊಡುತ್ತಾರೆ. ಬದಲಿಗೆ ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು, ಉತ್ತರ ಪತ್ರಿಕೆ ತಿದ್ದಬೇಕು. ಭತ್ಯೆಯಲ್ಲಿ ಮನೆಗೆ ಕಳುಹಿಸುವಷ್ಟು ಉಳಿಯದು, ಆದರೆ ಸಾಲವೂ ಆಗದು. ಮೂರು ವರ್ಷದ ಬಿ.ಎ. ಒಂದನ್ನೇ ಹಿಡಿದು ಬಂದರೆ ಕೆಲವು ಕಡೆ ತಕರಾರು ಮಾಡುತ್ತಾರೆ. ನಿಮಗೆ ಎಂ.ಎ. ಇರುವುದರಿಂದ ಆ ತಾಪತ್ರಯವಿಲ್ಲ. ನಮ್ಮ ರಾಜ್ಯ ನಾಲ್ಕು ವರ್ಷದ ಪದವಿ ತಂದು 2024ರಲ್ಲಿ ಮತ್ತೆ ಮೂರಕ್ಕೆ ಇಳಿದ ಮೇಲೆ ಈ ಪ್ರಶ್ನೆಯನ್ನು ನನಗೆ ಕೇಳುವವರು ಹೆಚ್ಚಾಗಿದ್ದಾರೆ.

ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್ ಆಸುಪಾಸು, ಸೀಟು ಸಿಕ್ಕವರು ಒಪ್ಪಿಗೆ ಹೇಳಲು ಏಪ್ರಿಲ್ 15. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಎಷ್ಟೋ ವಿಭಾಗಗಳು ಕೈಬಿಟ್ಟಿವೆ. ಅರ್ಜಿ ಶುಲ್ಕ ಒಂದೊಂದಕ್ಕೂ ಸಾವಿರಾರು ರೂಪಾಯಿ. ಮನ್ನಾ ಮಾಡಿ ಎಂದು ಕೇಳಿದರೆ ಕೆಲವರು ಮಾಡುತ್ತಾರೆ. ನಾನು ಒಂಬತ್ತು ಕಡೆ ಹಾಕಿದೆ, ಆರು ಕಡೆ ಮನ್ನಾ ಆಯಿತು, ಒಂದು ಕಡೆ ಸೀಟು ಬಂತು. ಒಂದೇ ಸಾಕು. ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2025ರಿಂದ ಇಲ್ಲಿ ಗಾಳಿ ಬದಲಾಗಿದೆ. ಸಂಶೋಧನೆಯ ಹಣ ಕಡಿತವಾಗಿ, ದೊಡ್ಡ ಹೆಸರಿನ ಕೆಲವು ವಿಶ್ವವಿದ್ಯಾಲಯಗಳೇ ಸಮಾಜವಿಜ್ಞಾನಗಳ ಪಿಎಚ್‌ಡಿ ಸೀಟುಗಳನ್ನು ಇಳಿಸಿವೆ. ಅಮೆರಿಕ ಒಂದನ್ನೇ ನಂಬಿ ಕೂರಬೇಡಿ.

ಲೈನ್ ನದಿಯ ದಂಡೆ

ಗಟ್ಟಿಂಗನ್‌ನಿಂದ ಬರೆಯುತ್ತಿದ್ದೇನೆ, ಜರ್ಮನಿ. ಊರು ಉಡುಪಿಯ ಹತ್ತಿರ.

ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಹೆಚ್ಚಿನ ಕಡೆ ಇಲ್ಲ. ಸೆಮಿಸ್ಟರ್‌ಗೆ ಕೆಲವು ನೂರು ಯೂರೊ ಕಟ್ಟಿದರಾಯಿತು. ಫ್ರೈಬುರ್ಗ್, ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಆದರೆ "ಬಿಟ್ಟಿ ಓದು" ಎಂದು ಕುಣಿಯುವ ಮೊದಲು ಇದನ್ನು ನೋಡಿ. ವೀಸಾಕ್ಕೆ ಒಂದು ವರ್ಷದ ಖರ್ಚು 11,904 ಯೂರೊವನ್ನು ಮುಂಚೆಯೇ ಒಂದು ಖಾತೆಯಲ್ಲಿ ಇಡಬೇಕು. ಸುಮಾರು 12 ಲಕ್ಷ ರೂಪಾಯಿ. ಅದು ನಿಮ್ಮದೇ ಹಣ, ತಿಂಗಳಿಗೆ 992 ಯೂರೊದಂತೆ ನಿಮಗೇ ವಾಪಸು ಕೊಡುತ್ತಾರೆ. ಆದರೂ ಮೊದಲು ಹೊಂದಿಸಬೇಕಲ್ಲ. 2022ರ ನವೆಂಬರ್‌ನಿಂದ ಎಪಿಎಸ್ ಎಂಬ ದಾಖಲೆ ಪರಿಶೀಲನೆಯ ಪ್ರಮಾಣಪತ್ರ ಕಡ್ಡಾಯವಾಗಿದೆ, ಅದಕ್ಕೆ 18 ಸಾವಿರ ರೂಪಾಯಿ. ವರ್ಷಕ್ಕೆ 140 ದಿನ ಪೂರ್ತಿ ದುಡಿಯಲು ಅವಕಾಶವಿದೆ. ನಾನು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ ಬಾಡಿಗೆ ಕಟ್ಟಿದೆ.

ಸಮಾಜಶಾಸ್ತ್ರದ ಹೆಚ್ಚಿನ ತರಗತಿಗಳು ಜರ್ಮನ್ ಭಾಷೆಯಲ್ಲಿವೆ. ಇಂಗ್ಲಿಷಿನವು ಕಡಿಮೆ. ಫ್ರೈಬುರ್ಗ್‌ನಲ್ಲಿ 2002ರಿಂದ ನಡೆಯುತ್ತಿರುವ ಗ್ಲೋಬಲ್ ಸ್ಟಡೀಸ್ ಒಂದು, ಅದರಲ್ಲಿ ಕೇಪ್ ಟೌನ್, ಬ್ಯೂನಸ್ ಐರಿಸ್, ಬ್ಯಾಂಕಾಕ್‌ಗಳಂಥ ಕಡೆಯೂ ಓದಬಹುದು. ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವೂ ಇಲ್ಲ, ತಿಂಗಳಿಗೆ 1,400 ಯೂರೊ ಬೇರೆ. ಆ ಯೋಜನೆಯಲ್ಲಿ ವಲಸೆಯ ಅಧ್ಯಯನಕ್ಕೆ ಜರ್ಮನಿಯ ಓಲ್ಡೆನ್‌ಬುರ್ಗ್, ಮಹಿಳಾ ಅಧ್ಯಯನಕ್ಕೆ ಸ್ಪೇನಿನ ಗ್ರಾನಡಾ ಮುಂದಾಳು. ನಿಮ್ಮ ವಿಷಯಕ್ಕೆ ಎರಡನೆಯದು ಹತ್ತಿರ.

ಈಗ ನನ್ನ ಹೊಟ್ಟೆಯುರಿ ಒಂದು. ನಾನು ಇಲ್ಲಿಗೆ ಬರುವಾಗ ಜರ್ಮನಿಯ ವೃದ್ಧಾಶ್ರಮಗಳ ಬಗ್ಗೆ ಅಧ್ಯಯನ ಮಾಡಬೇಕೆಂದಿದ್ದೆ. ಕೇಳಿದವರೆಲ್ಲ ನಯವಾಗಿ ಒಂದೇ ಪ್ರಶ್ನೆ ಹಾಕಿದರು: ಭಾರತದ್ದೇ ಏನಾದರೂ ಮಾಡಬಹುದಲ್ಲ? ಇಲ್ಲಿನ ಹುಡುಗ ಕೊಡಗಿಗೆ ಬಂದು ಆರು ತಿಂಗಳು ಕುಳಿತು ಕೊಡವರ ಬಗ್ಗೆ ಬರೆದರೆ ಅದು ಸಹಜ. ಉಡುಪಿಯವಳು ಇಲ್ಲಿನ ಅಜ್ಜಿಯರ ಬಗ್ಗೆ ಬರೆಯುತ್ತೇನೆಂದರೆ ಹುಬ್ಬೇರಿಸುತ್ತಾರೆ. ಭಾಷೆ ಬರಬೇಕು ಎಂದರು, ಎರಡು ವರ್ಷ ಕಲಿತೆ. ಕೊನೆಗೂ ಮಾಡಿದೆ. ಆದರೆ ವಿಚಾರಗೋಷ್ಠಿಯಲ್ಲಿ ಜಾತಿಯ ಮಾತು ಬಂದಾಗ ಇವತ್ತಿಗೂ ಎಲ್ಲರ ಮುಖ ನನ್ನ ಕಡೆಗೇ ತಿರುಗುತ್ತದೆ.

ದಾರಿಹೋಕ

ಅದನ್ನೇ ನಾನು ಹೇಳುತ್ತಿರುವುದು. ನಮ್ಮ ಊರಿನ ಸುದ್ದಿ ಹೊತ್ತು ಅವರ ಅಂಗಡಿಗೆ ಹಾಕುವ ಕೆಲಸ.

ಬಯಲುಸೀಮೆಯವನು

ದಾರಿಹೋಕ ಅವರೇ, ಅದನ್ನು ಹೇಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ನಮ್ಮ ಊರಿನ ಸುದ್ದಿಯನ್ನು ನಮ್ಮ ಊರಿನಲ್ಲೇ ಗಟ್ಟಿಯಾಗಿ ಹೇಳಲಾಗದವರು ಇದ್ದಾರೆ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಾನವಶಾಸ್ತ್ರದ ಒಂದು ವಿಚಾರಗೋಷ್ಠಿಯಲ್ಲಿ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಅವರಿಗಾಗ 25 ವರ್ಷ. ಬರೋಡಾ ಮಹಾರಾಜರು ಕೊಟ್ಟ, ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದಲ್ಲಿ ಹೋದವರು. ಅಲ್ಲಿನ ತರಗತಿಯಲ್ಲಿ ಅವರನ್ನು ಯಾರೂ ಬೇರೆ ಕೂರಿಸಲಿಲ್ಲ.

ಈಗಿನ ವಿಷಯಕ್ಕೆ ಬರುತ್ತೇನೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ 125 ಸೀಟುಗಳಿವೆ. ಪರಿಶಿಷ್ಟ ಜಾತಿಯವರಿಗೆ ಹೆಚ್ಚು ಪಾಲು, ಜೊತೆಗೆ ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳೂ ಅರ್ಜಿ ಹಾಕಬಹುದು. ಕುಟುಂಬದ ವರಮಾನ 8 ಲಕ್ಷದೊಳಗೆ, ವಯಸ್ಸು 35ರೊಳಗೆ, ಅಂಕ ಶೇ 60. ಆದರೆ 2022ರಲ್ಲಿ ಮಾರ್ಗಸೂಚಿ ಬದಲಾಯಿಸಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ಹಣವಿಲ್ಲ ಎಂದರು. ಇವುಗಳನ್ನು ಓದಲು ಹೊರಗೆ ಹೋಗಬೇಕಾಗಿಲ್ಲ ಎಂಬುದು ಅವರ ವಾದ. 1916ರ ಆ ಪ್ರಬಂಧವನ್ನು ಈ ನಿಯಮದ ಪಕ್ಕ ಇಟ್ಟು ನೋಡಿ. ನನ್ನ ವಿಷಯ ರಾಯಚೂರು ಕಡೆಯ ಜೀತದ ನೆನಪುಗಳು. ಅರ್ಜಿ ನಮೂನೆ ತುಂಬಿಸಿ ಇಟ್ಟಿದ್ದೆ, ಹಾಕಲೇ ಇಲ್ಲ. ಕೊನೆಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ತನ್ನದೇ ಹಣದಿಂದ ಪಿಎಚ್‌ಡಿಗೆ ತೆಗೆದುಕೊಂಡಿತು. ಹೀಗಾಗಿ ಆಯಾ ವರ್ಷದ ಮಾರ್ಗಸೂಚಿಯ ಪ್ರತಿ ಸಾಲನ್ನೂ ಓದಿಯೇ ಮುಂದುವರಿಯಿರಿ.

ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ ವಿಚಾರಿಸಬೇಕು. ನಿಮ್ಮದು ಯಾವ ವರ್ಗವೆಂದು ನಾನು ಕೇಳುವುದಿಲ್ಲ, ಯಾವ ಬಾಗಿಲು ತೆರೆಯುತ್ತದೆಂದು ನಿಮಗೇ ಗೊತ್ತು. ಇವಲ್ಲದೆ ಫೆಲಿಕ್ಸ್ ವಿದ್ಯಾರ್ಥಿವೇತನ ಇದೆ, ಆಕ್ಸ್‌ಫರ್ಡ್ ಮತ್ತು ಲಂಡನ್ನಿನ ಸೋಯಾಸ್‌ನಲ್ಲಿ ಭಾರತೀಯರಿಗೆ ಪೂರ್ತಿ ಖರ್ಚು. ಬ್ರಿಟಿಷ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಅಮೆರಿಕಕ್ಕೆ ಕಳುಹಿಸುವ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರಕ್ಕೆ ಮೂರು ವರ್ಷದ ಅನುಭವ. ಈಗ ತಾನೇ ಓದು ಮುಗಿಸಿದ ನಿಮಗೆ ಕೊನೆಯ ಎರಡೂ ಸದ್ಯಕ್ಕಿಲ್ಲ.

ಲೆಕ್ಕದ ಪುಸ್ತಕ

ಬಯಲುಸೀಮೆಯವರೇ, ಈ ಪಟ್ಟಿಯನ್ನು ಶಿವಮೊಗ್ಗದ ಏಜೆನ್ಸಿಯವರು ಯಾಕೆ ಕೊಡಲಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿದೆ. ವಿದ್ಯಾರ್ಥಿವೇತನದಲ್ಲಿ ಹೋಗುವವರಿಂದ ಅವರಿಗೆ ಕಮಿಷನ್ ಹುಟ್ಟುವುದಿಲ್ಲ.

ನಿವೃತ್ತ ಮೇಷ್ಟರು

ಮಗಳೇ, ಮೂವತ್ತೊಂದು ವರ್ಷ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿದವನು. ಹೊರದೇಶ ನೋಡಿದವನಲ್ಲ, ಆದ್ದರಿಂದ ವೀಸಾ, ಯೂರೊಗಳ ಬಗ್ಗೆ ಬಾಯಿ ಹಾಕುವುದಿಲ್ಲ.

ದಾರಿಹೋಕರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಕೊಡಗಿನ ಸಾಮಗ್ರಿಯನ್ನು ಮೊದಲೇ ಕಟ್ಟಿಕೊಂಡು ಹೋಗಿದ್ದರು. ಮುಂಬಯಿಯಲ್ಲಿ ಘುರ್ಯೆ ಅವರ ಬಳಿ ಅದರ ಮೇಲೆಯೇ ಪಿಎಚ್‌ಡಿ ಮುಗಿಸಿಯೂ ಇದ್ದರು. ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕ ರ್ಯಾಡ್‌ಕ್ಲಿಫ್-ಬ್ರೌನ್ ಅವರು ಅದೇ ಸಾಮಗ್ರಿಯನ್ನು ಬೇರೆ ಪ್ರಶ್ನೆ ಹಿಡಿದು ಮತ್ತೆ ನೋಡು ಎಂದರು. ಮಾಹಿತಿ ಹಳೆಯದು, ನೋಟ ಹೊಸದು. 1952ರಲ್ಲಿ ಅದು ಪುಸ್ತಕವಾಗಿ ಬಂದು, ನಾವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ 'ಸಂಸ್ಕೃತೀಕರಣ' (ಕೆಳಗಿನ ಜಾತಿಯವರು ಮೇಲಿನವರ ಆಚಾರಗಳನ್ನು ಅನುಸರಿಸುವುದು) ಎಂಬ ಪದ ಹುಟ್ಟಿತು. ಆಕ್ಸ್‌ಫರ್ಡ್‌ನವರು ಅವರಿಗೆ ಕೆಲಸ ಕೊಟ್ಟು, ಮೊದಲ ವರ್ಷ ಹಳ್ಳಿಯಲ್ಲಿರಲು ಬಿಟ್ಟರು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಗೆ ಬಂದದ್ದು ಹಾಗೆ. ದಾರಿಹೋಕರೇ, ನಮ್ಮ ಊರಿನ ಸುದ್ದಿ ಆ ಅಂಗಡಿಗೆ ಹೋಗಿ ಬಂದದ್ದರಿಂದ ನಮಗೆ ನಷ್ಟವಾಯಿತೇ?

ಸಂಚಾರ ಒಂದೇ ಕಡೆಯಿಂದ ನಡೆದದ್ದೂ ಅಲ್ಲ. ವಿಯೆನ್ನಾದಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ಓದಿದ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಎರಡು ಹಳ್ಳಿಗಳಲ್ಲಿ ಕುಳಿತು, ಕಾಲುವೆ ನೀರು ಬಂದ ಊರು ಮತ್ತು ನೀರು ಬಾರದ ಪಕ್ಕದ ಊರು ಹೇಗೆ ಬೇರೆ ಬೇರೆ ದಾರಿ ಹಿಡಿದವು ಎಂದು ಬರೆದರು. ನೀರು ಬಂದ ಊರು ಕಬ್ಬು ಬೆಳೆದು ಹಳೆಯ ರೀತಿಯಲ್ಲೇ ಉಳಿಯಿತು. ನೀರು ಬಾರದ ಊರಿನವರು ಹೊರಗಿನ ಕೆಲಸ ಹುಡುಕಿ ಹೊರಟು ಹೆಚ್ಚು ಬದಲಾದರು. ಇದನ್ನು ಓದಿದಾಗಲೆಲ್ಲ ನಾನು ತರಗತಿಯ ಮಂಡ್ಯದ ಹುಡುಗರ ಮುಖ ನೋಡುತ್ತಿದ್ದೆ.

ಇನ್ನೊಂದು ಸಣ್ಣ ಮಾತು, ವಿಷಯಕ್ಕೆ ಸಂಬಂಧವಿಲ್ಲದಿದ್ದರೂ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಬೆಂಕಿ ಬಿದ್ದು ಆ ಹಳ್ಳಿಯ ಬಗ್ಗೆ ಶ್ರೀನಿವಾಸ್ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮೂರೂ ಒಂದೇ ಕಡೆ ಇದ್ದವು. ನೀನು ಬೇರೆ ಬೇರೆ ಕಡೆ ಇಡು.

ನಿನ್ನ ಎಸ್‌ಒಪಿಯನ್ನು ಏಜೆನ್ಸಿಯವರೇ ಬರೆದುಕೊಡುತ್ತಾರೆ ಎಂದೆಯಲ್ಲ, ಕೊಟ್ಟಿದ್ದರೆ ಅದರ ಮೊದಲ ಪ್ಯಾರಾ ಇಲ್ಲಿ ಹಾಕು, ನೋಡೋಣ.

ಕಣದ ಹುಡುಗಿ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಸರ್ಫೇಸಿ ವಿಷಯ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ತೋಟಕ್ಕೆ ಹೋದರು. ಸಂಜೆ ಬಂದಾಗ ಹಗುರವಾಗಿದ್ದಂತೆ ಕಂಡರು.

ಇನ್ನೊಂದು ವಿಷಯ ಮೊದಲು ಹೇಳಲು ನಾಚಿಕೆಯಾಯಿತು. ಏಜೆನ್ಸಿಗೆ ನೋಂದಣಿ ಶುಲ್ಕವೆಂದು 15 ಸಾವಿರ ಕಟ್ಟಿಬಿಟ್ಟಿದ್ದೇನೆ.

ಮೇಷ್ಟರೇ, ಅವರು ಬರೆದುಕೊಟ್ಟದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗಿದೆ: "ಬಾಲ್ಯದಿಂದಲೂ ನನಗೆ ಸಮಾಜದ ಬಗ್ಗೆ ಅಪಾರ ಆಸಕ್ತಿ. ಭಾರತ ವೈವಿಧ್ಯಮಯ ದೇಶ. ನಿಮ್ಮ ವಿಶ್ವವಿಖ್ಯಾತ ಸಂಸ್ಥೆಯಲ್ಲಿ ಅಧ್ಯಯನ ಮಾಡಿ ನನ್ನ ದೇಶಕ್ಕೆ ಸೇವೆ ಸಲ್ಲಿಸುವುದು ನನ್ನ ಗುರಿ."

ಮೆಕ್ಕೆಜೋಳದ ನಾಡು

ಈ ಪ್ಯಾರಾವನ್ನು ಅವರು ನಿಮ್ಮ ಮೊದಲು ನಲವತ್ತು ಜನರಿಗಾದರೂ ಕೊಟ್ಟಿರುತ್ತಾರೆ.

ನಿವೃತ್ತ ಮೇಷ್ಟರು

ಅದನ್ನು ಒಲೆಗೆ ಹಾಕು. ನಿನ್ನ ಸಣ್ಣ ಪ್ರಬಂಧದಲ್ಲಿ ನಿನಗೇ ಬಗೆಹರಿಯದೆ ಉಳಿದದ್ದು ಏನು? ಅದನ್ನು ಬರೆ. ಕನ್ನಡದಲ್ಲೇ ಬರೆ, ಆಮೇಲೆ ಇಂಗ್ಲಿಷಿನ ಚಿಂತೆ.

ಕಣದ ಹುಡುಗಿ

ಪ್ರಯತ್ನಿಸುತ್ತೇನೆ ಸರ್.

ನಮ್ಮಲ್ಲಿ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟವಾದ ಮೇಲೆ ಹೆಂಗಸರು ತೋಟದ ಮನೆಗಳಿಗೆ ಅಡಿಕೆ ಸುಲಿಯಲು ಹೋಗುತ್ತಾರೆ. ಅಮ್ಮನೂ ಹೋಗುತ್ತಾಳೆ. ಅಂಗಳದಲ್ಲಿ ಒಂದು ಬಲ್ಬು, ಅದರ ಕೆಳಗೆ ಹತ್ತು ಹನ್ನೆರಡು ಮೆಟ್ಟುಗತ್ತಿ. ಕೂಲಿ ಡಬ್ಬದ ಲೆಕ್ಕ. ಸುಲಿದ ಅಡಿಕೆಯನ್ನು ಡಬ್ಬಕ್ಕೆ ತುಂಬುವಾಗ ಯಜಮಾನರ ಮನೆಯವರು ಗೋಪುರ ಬರುವಂತೆ ತುಂಬಿಸುತ್ತಾರೆ, ಹೆಂಗಸರು ಕೈ ಸವರಿ ಸಮ ಮಾಡುತ್ತಾರೆ. ಪ್ರತಿ ರಾತ್ರಿ ಇದೇ ಜಗ್ಗಾಟ, ಆದರೆ ಯಾರೂ ಬಾಯಿ ಬಿಟ್ಟು ಜಗಳವಾಡುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮೂರಿನ ದೊಡ್ಡ ಮನೆಗೆ ಸುಲಿಯುವ ಯಂತ್ರ ಬಂತು. ಹೆಂಗಸರಿಗೆ ಕೆಲಸ ಹೋಯಿತು ಎಂದು ಬರೆಯಲು ನಾನು ನೋಟ್‌ಬುಕ್ ಹಿಡಿದು ಹೋದೆ. ಆದರೆ ಮಾತಾಡಿಸಿದ 23 ಮಂದಿಯಲ್ಲಿ ಹೆಚ್ಚಿನವರು ದುಃಖಪಟ್ಟದ್ದು ಕೂಲಿಗಲ್ಲ. ಆ ರಾತ್ರಿ ಕೂಟ ಹೋಯಿತಲ್ಲ ಎಂದರು. ಗಂಡಸರಿಲ್ಲದೆ ಹನ್ನೆರಡು ಹೆಂಗಸರು ಮಧ್ಯರಾತ್ರಿಯವರೆಗೆ ಒಟ್ಟಿಗೆ ಕೂರಲು ಊರಿನಲ್ಲಿ ಇದ್ದ ನೆಪ ಅದೊಂದೇ. ಅಮ್ಮನಂತೂ ದೊಡ್ಡ ಮನೆ ಬಿಟ್ಟು ಎರಡು ಮೈಲಿ ದೂರದ, ಕೂಲಿ ಕಡಿಮೆ ಕೊಡುವ ಮನೆಗೆ ಹೋಗಲು ಶುರುಮಾಡಿದಳು. ಯಾಕೆಂದು ಕೇಳಿದರೆ "ಅಲ್ಲಿ ಇನ್ನೂ ಕತ್ತಿ ಇದೆ" ಎಂದಳು. ಕಡಿಮೆ ಕೂಲಿಗೆ ಹೆಚ್ಚು ದೂರ ನಡೆಯುವುದನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಪ್ರಬಂಧದಲ್ಲಿ ಆ ಭಾಗವನ್ನು ಬಿಟ್ಟುಬಿಟ್ಟೆ.

ಲೈನ್ ನದಿಯ ದಂಡೆ

ಬಿಟ್ಟದ್ದು ಅದನ್ನೇ ಎಂದರೆ ನನಗೆ ಕೈ ಕೈ ಹಿಸುಕಿಕೊಳ್ಳುವಂತಾಗಿದೆ. ಅರ್ಜಿ ಓದುವವರು ಹುಡುಕುವುದು ಈ ಕೊನೆಯ ನಾಲ್ಕು ಸಾಲನ್ನು.

ಲೆಕ್ಕದ ಪುಸ್ತಕ

ನಾನು ಲೆಕ್ಕದವನು, ನನಗೂ ಇದರ ಲೆಕ್ಕ ಸಿಗಲಿಲ್ಲ. ಮೊದಲ ಪೋಸ್ಟಿನಲ್ಲಿ "ಸಮಾಜಶಾಸ್ತ್ರಕ್ಕೆ ಇಷ್ಟು ಸಾಲವೇ" ಎಂದಿದ್ದೆ. ಸಾಲದ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಸಮಾಜಶಾಸ್ತ್ರದ ಬಗ್ಗೆ ಆಡಿದ ದನಿಯನ್ನು ತೆಗೆದುಕೊಳ್ಳುತ್ತೇನೆ.

ಮೆಕ್ಕೆಜೋಳದ ನಾಡು

ಇಂಗ್ಲಿಷಿಗೆ ತರುವಾಗ ಮೆಟ್ಟುಗತ್ತಿ, ಕಣ, ಡಬ್ಬ ಇವನ್ನೆಲ್ಲ ಹಾಗೆಯೇ ಬಿಟ್ಟು ಒಮ್ಮೆ ಮಾತ್ರ ವಿವರಿಸಿ. ಭಾಷೆಯ ಬಗ್ಗೆ ಕೇಳಿದಿರಿ: ಕನ್ನಡ ಮಾಧ್ಯಮ ಎಂದು ಯಾರೂ ತಿರಸ್ಕರಿಸುವುದಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 7 ತನ್ನಿ, ಕೆಲವು ಕಡೆ 6.5 ಸಾಕು. ನಿಜವಾದ ಕಷ್ಟ ಒಳಗೆ ಹೋದ ಮೇಲೆ. ವಾರಕ್ಕೆ ಒಂದೊಂದು ವಿಷಯಕ್ಕೆ ನೂರೈವತ್ತು, ಇನ್ನೂರು ಪುಟ ಓದು. ಮೊದಲ ಸೆಮಿಸ್ಟರ್ ನಾನು ಅರ್ಧವನ್ನೂ ಓದದೆ ಕುಳಿತಿದ್ದೆ. ಆಮೇಲೆ ತಿಳಿಯಿತು, ಉಳಿದವರೂ ಓದಿರಲಿಲ್ಲ, ಮಾತಾಡುವುದು ಮಾತ್ರ ಅವರಿಗೆ ಗೊತ್ತಿತ್ತು. ಈಗಿನಿಂದಲೇ ದಿನಕ್ಕೆ ಇಪ್ಪತ್ತು ಪುಟ ಇಂಗ್ಲಿಷಿನಲ್ಲಿ ಓದಿ, ಒಂದು ಪುಟ ಬರೆಯಿರಿ.

ಮುಂದೆ ಬರುವ ಒಂದು ತಲೆನೋವನ್ನೂ ಹೇಳಿಬಿಡುತ್ತೇನೆ. ಇಲ್ಲಿನ ನೈತಿಕತಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾರನ್ನೂ ಸಂದರ್ಶಿಸುವಂತಿಲ್ಲ. ಪ್ರತಿಯೊಬ್ಬರಿಂದ ಲಿಖಿತ ಒಪ್ಪಿಗೆ ಪಡೆಯಬೇಕೆಂದರು. ಹಾವೇರಿಯಲ್ಲಿ ನಾನು ಆ ಕಾಗದ ಚಾಚಿದ ಕೂಡಲೇ ಒಬ್ಬ ಅಜ್ಜ ಎದ್ದು ಹೋದ. ಹೆಬ್ಬೆಟ್ಟು ಎಂದರೆ ಹೊಲ ಹೋಯಿತು ಎಂದೇ ಅವನ ಅನುಭವ. ಎರಡು ಸಲ ತಿದ್ದಿ ಬರೆದ ಮೇಲೆ ಬಾಯಿಮಾತಿನ ಒಪ್ಪಿಗೆ ಸಾಕೆಂದು ಸಮಿತಿ ಒಪ್ಪಿತು. ಅಷ್ಟರಲ್ಲಿ ಬಿತ್ತನೆ ಮುಗಿದಿತ್ತು, ನಾನು ನೋಡಬೇಕಿದ್ದದ್ದೇ ಬಿತ್ತನೆ.

ಮರಳಿ ಬಂದವಳು

ವಾಪಸು ಬರುವ ಯೋಚನೆಯಿದ್ದರೆ ಒಂದು ಮಾತು. ಇಂಗ್ಲೆಂಡಿನ ಒಂದು ವರ್ಷದ ಪದವಿಗೆ ಇಲ್ಲಿ ಮಾನ್ಯತೆ ಇರಲಿಲ್ಲ. 2022ರ ಜುಲೈನಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾದ ಮೇಲೆ ದಾರಿಯಾಗಿದೆ, ಆದರೂ ಸರ್ಕಾರಿ ಕೆಲಸಕ್ಕೆ ತತ್ಸಮಾನ ಪ್ರಮಾಣಪತ್ರ ಕೇಳುತ್ತಾರೆ. ಪಿಎಚ್‌ಡಿಯಾದರೆ ಯುಜಿಸಿಯ 2018ರ ನಿಯಮದಂತೆ, ಜಾಗತಿಕ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯದ್ದಿದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದೇ ಅರ್ಹತೆ. ಇಷ್ಟಾದರೂ ಇಲ್ಲಿಂದ ಹೊರಡುವ ಮೊದಲು ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್ ಅಥವಾ ನೆಟ್ ಮುಗಿಸಿಕೊಳ್ಳಿ. ಕೈಯಲ್ಲಿರಲಿ.

ಕಣದ ಹುಡುಗಿ

ತೀರ್ಮಾನ ಮಾಡಿದ್ದೇನೆ. ಸಾಲದ ಇಂಗ್ಲೆಂಡ್ ಇಲ್ಲ. ಈ ವರ್ಷ ಕೆ-ಸೆಟ್, ಐಇಎಲ್‌ಟಿಎಸ್, ಜೊತೆಗೆ ಗ್ರಾನಡಾ ಮತ್ತು ಅಮೆರಿಕದ ನಾಲ್ಕು ಕಡೆ ಅರ್ಜಿ. ದಾರಿಹೋಕ ಅವರ ಮಾತೂ ಮನಸ್ಸಿನಲ್ಲಿದೆ, ಹೈದರಾಬಾದಿಗೂ ಹಾಕುತ್ತೇನೆ.

ಒಂದು ತೊಡಕು. ಶಿಫಾರಸು ಪತ್ರಕ್ಕೆ ನಮ್ಮ ವಿಭಾಗದ ಗುರುಗಳ ಬಳಿ ಹೋದೆ. "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎಂದರು.

ನಿವೃತ್ತ ಮೇಷ್ಟರು

ಬೈಯಬೇಡಿ ಅವರನ್ನು, ಯಾರೂ. ಮೂವತ್ತೊಂದು ವರ್ಷ ನಾನೂ ಅದನ್ನೇ ಮಾಡಿದೆ. ನೂರ ಇಪ್ಪತ್ತು ಮಕ್ಕಳ ತರಗತಿ, ಯಾವಳು ಯಾರೆಂದು ನೆನಪಿರುತ್ತಿರಲಿಲ್ಲ. "ಶಿಸ್ತಿನ ವಿದ್ಯಾರ್ಥಿನಿ, ಸದ್ವರ್ತನೆಯುಳ್ಳವಳು" ಎಂದು ಎಷ್ಟು ಪತ್ರಗಳಿಗೆ ಸಹಿ ಹಾಕಿದೆನೋ, ಅವು ಯಾರ ಕೈಗೆ ಸಿಕ್ಕಿ ಯಾರ ಅರ್ಜಿ ಮುಳುಗಿತೋ.

ನಿನ್ನ ಪ್ರಬಂಧ, ಮೇಲೆ ಬರೆದ ಆ ಪ್ಯಾರಾ, ಎರಡನ್ನೂ ಮುದ್ರಿಸಿಕೊಂಡು ಹೋಗು. ಎದುರು ಕುಳಿತು ಓದಿಸು. "ಸರ್, ನಾನು ತರಗತಿಯಲ್ಲಿ ಇದನ್ನು ಮಂಡಿಸಿದಾಗ ನೀವು ಹೀಗೆ ಕೇಳಿದಿರಿ" ಎಂದು ನೆನಪಿಸು. ಆಮೇಲೆ ಅವರೇ ಬರೆಯುತ್ತಾರೆ. ಕೊನೆಯ ದಿನಕ್ಕೆ ಮೂರು ವಾರ ಇರುವಂತೆ ಹೋಗು.

ಬಯಲುಸೀಮೆಯವನು

ಅವರಿಗೆ ಸಂಸ್ಥೆಯ ಇಮೇಲ್ ವಿಳಾಸ ಇದೆಯೇ ನೋಡಿ. ಜಿಮೇಲ್‌ನಿಂದ ಬಂದ ಪತ್ರವನ್ನು ಕೆಲವು ವಿಶ್ವವಿದ್ಯಾಲಯಗಳು ಅನುಮಾನದಿಂದ ನೋಡುತ್ತವೆ. ಇಲ್ಲದಿದ್ದರೆ ಮೊದಲೇ ಆ ಕಡೆಯವರಿಗೆ ಬರೆದು ತಿಳಿಸಿ, ಒಪ್ಪುತ್ತಾರೆ.

ಕಣದ ಹುಡುಗಿ

ವಿಚಾರಿಸಿದೆ. ಸಂಸ್ಥೆಯ ವಿಳಾಸವಿದೆಯಂತೆ, ಪಾಸ್‌ವರ್ಡ್ ಕಚೇರಿಯ ಗುಮಾಸ್ತರ ಬಳಿ ಇದೆಯಂತೆ, ಅವರು ಚುನಾವಣಾ ಕೆಲಸದ ಮೇಲೆ ಹೋಗಿದ್ದಾರಂತೆ. ಸೋಮವಾರ ಬರುತ್ತಾರೆ.

ಲೆಕ್ಕದ ಪುಸ್ತಕ

ಏಜೆನ್ಸಿಗೆ ಕಟ್ಟಿದ ಆ 15 ಸಾವಿರ ವಾಪಸು ಬಂತೇ?

ಕಣದ ಹುಡುಗಿ

"ಮುಂದಿನ ವಾರ ಬನ್ನಿ" ಎಂದಿದ್ದಾರೆ ಸರ್. ಇದು ಮೂರನೆಯ ಮುಂದಿನ ವಾರ.